ಕಾನ್ಸರ್ಟ್ ಟಿಕೆಟ್ ದುಡ್ಡು ಯಾರ ಜೇಬಿಂದ? ವೈಯಾಲಿಕಾವಲ್ ಸುತ್ತಮುತ್ತಲ ನೂರು ವರ್ಷದ ಲೆಕ್ಕ

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ)

ಇವತ್ತಿನ ಎಪಿಸೋಡ್ ಟಿಕೆಟ್ ರೇಟ್ ಬಗ್ಗೆ. ಸಿನಿಮಾ ಟಿಕೆಟ್ ಅಲ್ಲ, ಕಾನ್ಸರ್ಟ್ ಟಿಕೆಟ್.

2024ರ ಸೆಪ್ಟೆಂಬರ್ ನೆನಪಿದೆಯಲ್ಲ? ಕೋಲ್ಡ್‌ಪ್ಲೇ ಮುಂಬೈ ಶೋಗೆ ಟಿಕೆಟ್ ಬಿಟ್ಟಿದ್ರು. ಕಡಿಮೆ ಅಂದ್ರೆ ₹2,500, ಜಾಸ್ತಿ ಅಂದ್ರೆ ₹35,000. ಮೊಬೈಲ್ ಹಿಡ್ಕೊಂಡು ಕೂತವರಿಗೆ ಕಂಡಿದ್ದು ಲಕ್ಷಗಟ್ಟಲೆ ನಂಬರಿನ ಕ್ಯೂ ಮಾತ್ರ. ಅದೇ ಟಿಕೆಟ್ ಸ್ವಲ್ಪ ಹೊತ್ತಿಗೆ ಮರುಮಾರಾಟದ ಸೈಟ್‌ಗಳಲ್ಲಿ ಲಕ್ಷಗಳ ರೇಟಿಗೆ ಬಂತು. ಅಕ್ಟೋಬರ್‌ನಲ್ಲಿ ಜಾರಿ ನಿರ್ದೇಶನಾಲಯ, ಅಂದ್ರೆ ಇ.ಡಿ., ಕೋಲ್ಡ್‌ಪ್ಲೇ ಮತ್ತು ದಿಲ್ಜಿತ್ ಶೋಗಳ ಕಾಳಸಂತೆ ಟಿಕೆಟ್ ವಿಚಾರವಾಗಿ ಹಲವು ನಗರಗಳಲ್ಲಿ ಶೋಧ ಮಾಡಿತು. ಆ ಪಟ್ಟಿಯಲ್ಲಿ ನಮ್ಮ ಬೆಂಗಳೂರೂ ಇತ್ತು. ಕೆಂಪೇಗೌಡ ರಸ್ತೆಯ ಥಿಯೇಟರ್ ಮುಂದೆ ಬ್ಲಾಕ್‌ನಲ್ಲಿ ಟಿಕೆಟ್ ಮಾರ್ತಿದ್ದ ಕಥೆನ ನಮ್ಮ ಅಪ್ಪಂದಿರು ಹೇಳ್ತಾರೆ. ಈಗ ಅದೇ ದಂಧೆ ಫೋನಿನೊಳಗೆ ನಡೀತಿದೆ.

ಹಾಗಾಗಿ ಎಲ್ಲರೂ ಕೇಳೋ ಪ್ರಶ್ನೆ, ಕಾನ್ಸರ್ಟ್ ಇಷ್ಟು ದುಬಾರಿ ಯಾಕಾಯ್ತು? ನಾನು ಇವತ್ತು ಇನ್ನೊಂದು ಕಡೆಯಿಂದ ಕೇಳ್ತೀನಿ. ಹಿಂದೆ ಅಗ್ಗ ಹೇಗಿತ್ತು? ಹಾಡುವವರಿಗೆ ಸಂಭಾವನೆ ಆಗಲೂ ಕೊಡಬೇಕಿತ್ತು. ಚಪ್ಪರ, ದೀಪ, ಊಟ, ಪ್ರಯಾಣ ಎಲ್ಲಕ್ಕೂ ಖರ್ಚಿತ್ತು. ಕೇಳುಗ ಕೊಡ್ತಿರಲಿಲ್ಲ ಅಂದ್ಮೇಲೆ ಆ ದುಡ್ಡನ್ನ ಬೇರೆ ಯಾರೋ ಕೊಡ್ತಿದ್ರು. ಯಾರು ಅವರು? ಯಾವಾಗ ನಿಲ್ಲಿಸಿದ್ರು? ಇದನ್ನ ನೋಡಿದ್ರೆ ಇವತ್ತಿನ ಬಿಲ್ ನಮ್ಮ ಕೈಗೆ ಹೇಗೆ ಬಂತು ಅಂತ ಅರ್ಥ ಆಗುತ್ತೆ.

ಇದನ್ನ ಹೇಳೋಕೆ ವೈಯಾಲಿಕಾವಲ್ ಒಳ್ಳೆ ಜಾಗ. ಇಲ್ಲಿಂದ ಮಲ್ಲೇಶ್ವರದ ಕಡೆ ನಡೆದ್ರೆ ಗಾಯತ್ರಿದೇವಿ ಪಾರ್ಕ್ ಬಡಾವಣೆಯಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ. ಇನ್ನೊಂದು ಕಡೆ ಗುಟ್ಟಹಳ್ಳಿ ದಾಟಿದ್ರೆ ಬೆಂಗಳೂರು ಅರಮನೆ, ಅದರ ಮೈದಾನ. ಒಂದು ಸಂಜೆ ವಾಕಿಂಗ್‌ನಲ್ಲಿ ಎರಡನ್ನೂ ನೋಡ್ಕೊಂಡು ಬರಬಹುದು. ಅರಮನೆಯಿಂದಲೇ ಶುರು ಮಾಡೋಣ.

ಅರಮನೆ ಕೊಡ್ತಿದ್ದ ಕಾಲ

ಮೈಸೂರು ಸಂಸ್ಥಾನದಲ್ಲಿ ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ ಅವರಂಥವರು ಆಸ್ಥಾನ ವಿದ್ವಾಂಸರು. ಅವರ ಬದುಕು ಟಿಕೆಟ್ ಮೇಲೆ ನಿಂತಿರಲಿಲ್ಲ, ಆಸ್ಥಾನದ ಆಶ್ರಯದ ಮೇಲೆ ನಿಂತಿತ್ತು. ದೇವಸ್ಥಾನದ ಉತ್ಸವಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ದಾನಿ ಕೊಟ್ಟ ದುಡ್ಡಲ್ಲಿ ಕಛೇರಿ ನಡೀತಿತ್ತು, ಜನ ಬಂದು ಕೂತು ಕೇಳಿ, ಪ್ರಸಾದ ತಗೊಂಡು ಹೋಗ್ತಿದ್ರು.

ಮೈಸೂರು ಅರಮನೆಯ ಈ ಕೊಡುಗೆ ನಮ್ಮ ರಾಜ್ಯದೊಳಗೆ ಮಾತ್ರ ಇರಲಿಲ್ಲ. ಜರ್ಮನಿಯ ಪ್ರಸಿದ್ಧ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ 1949ರಲ್ಲಿ ತೀರ್ಕೊಂಡ್ರು. ಅವರ 'ಫೋರ್ ಲಾಸ್ಟ್ ಸಾಂಗ್ಸ್' ಮೊದಲ ಸಲ ವೇದಿಕೆಗೆ ಬಂದಿದ್ದು 1950ರ ಮೇ 22ಕ್ಕೆ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯಗೋಷ್ಠಿ ನಡೆಸಿದ್ದು ಫುರ್ಟ್‌ವೆಂಗ್ಲರ್. ಆ ಕಾರ್ಯಕ್ರಮಕ್ಕೆ 4,800 ಡಾಲರ್ ಗ್ಯಾರಂಟಿ ಕೊಟ್ಟಿದ್ದು ಯಾರು ಗೊತ್ತಾ? ನಮ್ಮ ಜಯಚಾಮರಾಜೇಂದ್ರ ಒಡೆಯರ್. ಅವರು ಆ ರಾತ್ರಿ ಅಲ್ಲಿ ಇರಲೂ ಇಲ್ಲ.

ಇಲ್ಲಿ ಗ್ಯಾರಂಟಿ ಅನ್ನೋ ಪದ ಮುಖ್ಯ. ಟಿಕೆಟ್ ಮಾರಾಟ ಆಗುತ್ತೋ ಇಲ್ವೋ, ಖರ್ಚು ಹುಟ್ಟುತ್ತೋ ಇಲ್ವೋ ಅನ್ನೋ ಭಯಕ್ಕೆ ಯಾರೋ ಒಬ್ಬರು ಬೆನ್ನು ಕೊಡೋದು. ಆ ಭಯ ಇಲ್ಲದಿದ್ರೆ ಆಯೋಜಕ ಟಿಕೆಟ್ ರೇಟ್ ಕಡಿಮೆ ಇಡಬಹುದು, ಜನಕ್ಕೆ ಗೊತ್ತಿಲ್ಲದ ಹೊಸದನ್ನ ವೇದಿಕೆಗೆ ತರಬಹುದು.

ಸಂಸ್ಥಾನ ಭಾರತಕ್ಕೆ ಸೇರಿತು, 1971ರಲ್ಲಿ ರಾಜಧನವೂ ರದ್ದಾಯ್ತು. ಮುಂದೆ ಬೆಂಗಳೂರು ಅರಮನೆ ಮೈದಾನ ಮದುವೆ, ವಸ್ತುಪ್ರದರ್ಶನ, ಕಾನ್ಸರ್ಟ್‌ಗಳಿಗೆ ಬಾಡಿಗೆ ಜಾಗ ಆಯ್ತು. ಇದರಲ್ಲಿ ತಪ್ಪು ಹುಡುಕೋದು ಬೇಡ, ಕಾಲ ಬದಲಾಯ್ತು. ಆದ್ರೆ ಲೆಕ್ಕದ ಪುಸ್ತಕದಲ್ಲಿ ನೋಡಿದ್ರೆ, ಮೊದಲು ಸಂಗೀತಕ್ಕೆ ದುಡ್ಡು ಹಾಕ್ತಿದ್ದ ಕಡೆಗೆ ಈಗ ಸಂಗೀತವೇ ದುಡ್ಡು ಕಟ್ಟಬೇಕು.

ಬೀದಿಯ ಚಂದಾ, ಸಭೆಯ ಮೆಂಬರ್‌ಶಿಪ್

ಅರಮನೆ ಒಂದೇ ಅಲ್ಲ, ಹಳೇ ಬೆಂಗಳೂರಿನ ಮಧ್ಯಮ ವರ್ಗವೂ ತನ್ನದೇ ಒಂದು ವ್ಯವಸ್ಥೆ ಕಟ್ಕೊಂಡಿತು. 1905ರಲ್ಲಿ ಬೆಂಗಳೂರು ಗಾಯನ ಸಮಾಜ ಶುರುವಾಯ್ತು. ಸದಸ್ಯರು ವರ್ಷಕ್ಕಿಷ್ಟು ಅಂತ ಚಂದಾ ಕೊಡೋದು, ಆ ದುಡ್ಡಲ್ಲಿ ಕಛೇರಿಗಳು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಸಬ್‌ಸ್ಕ್ರಿಪ್ಷನ್. ನೀವು ಒಂದು ಕಛೇರಿಗೆ ಹೋಗದಿದ್ರೂ ನಿಮ್ಮ ಚಂದಾ ಆ ಕಛೇರಿಯನ್ನ ನಡೆಸ್ತಿತ್ತು.

1939ರಲ್ಲಿ ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಶ್ರೀ ರಾಮಸೇವಾ ಮಂಡಳಿ ಶುರು ಮಾಡಿದ್ರು. ಆಗ ಅವರಿನ್ನೂ ಹುಡುಗ. ಸಣ್ಣದಾಗಿ ಶುರುವಾದ ಆ ರಾಮನವಮಿ ಬೆಳೆದು, ಫೋರ್ಟ್ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ವಾರಗಟ್ಟಲೆ ನಡೆಯೋ ಸಂಗೀತೋತ್ಸವ ಆಯ್ತು. ಎಂ.ಎಸ್. ಸುಬ್ಬುಲಕ್ಷ್ಮಿ, ಬಾಲಮುರಳಿಕೃಷ್ಣ ಅವರಂಥ ದಿಗ್ಗಜರು ಆ ವೇದಿಕೆಗೆ ಬಂದು ಹಾಡಿದ್ರು.

ಈಗ ಆ ಚಪ್ಪರದ ಲೆಕ್ಕ ನೋಡಿ. ಮುಂದಿನ ಸಾಲಲ್ಲಿ ದಾನಿಗಳು. ಅವರ ಹಿಂದೆ ಟಿಕೆಟ್ ತಗೊಂಡವರು, ಸೀಸನ್ ಪಾಸ್‌ನವರು. ಆಮೇಲೆ ಚಪ್ಪರದ ಹೊರಗೆ, ರಸ್ತೆ ಪಕ್ಕದಲ್ಲಿ, ಒಂದು ಪೈಸೆ ಕೊಡದೆ ಮೈಕಿನಲ್ಲಿ ಕೇಳ್ತಾ ಕೂತವರು. ಕಾಮರ್ಸ್ ಕ್ಲಾಸಲ್ಲಿ ಇದಕ್ಕೆ ಕ್ರಾಸ್ ಸಬ್ಸಿಡಿ ಅಂತ ಹೆಸರು. ಉಳ್ಳವರು ಸ್ವಲ್ಪ ಜಾಸ್ತಿ ಕೊಟ್ರೆ, ಇಲ್ಲದವರಿಗೂ ಕೇಳೋಕೆ ಸಿಗುತ್ತೆ. ಹೊರಗೆ ಕೂತವರನ್ನ ಯಾರೂ ನಷ್ಟ ಅಂತ ಬರ್ಕೊಳ್ಳಲಿಲ್ಲ. ಮುಂದಿನ ವರ್ಷ ಒಳಗೆ ಬರೋ ರಸಿಕ ಅವರಲ್ಲೇ ಇದ್ದ.

ಬಸವನಗುಡಿಯಲ್ಲಿ 1962ರಲ್ಲಿ ವಿದ್ಯಾರಣ್ಯ ಯುವಕ ಸಂಘ ಶುರು ಮಾಡಿದ ಬೆಂಗಳೂರು ಗಣೇಶ ಉತ್ಸವವೂ ಇದೇ ದಾರಿ ಹಿಡೀತು. ಇನ್ನು ನಮ್ಮ ನಮ್ಮ ಏರಿಯಾದ ಗಣೇಶ ಕೂರಿಸೋ ಹುಡುಗರು, ರಾಜ್ಯೋತ್ಸವದ ಆರ್ಕೆಸ್ಟ್ರಾ? ರಸೀದಿ ಪುಸ್ತಕ ಹಿಡ್ಕೊಂಡು ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗ್ತಾರೆ. ನೂರು ಕೊಟ್ಟವರಿಗೂ ಅದೇ ಹಾಡು, ಹತ್ತು ಕೊಟ್ಟವರಿಗೂ ಅದೇ ಹಾಡು, ಬಾಗಿಲು ಹಾಕ್ಕೊಂಡವರಿಗೂ ಅದೇ ಹಾಡು.

ಏಳು ತಂತಿಯ ಲೆಕ್ಕ

ಈಗ ಪಿಟೀಲಿನ ಆಕಾರದ ಕಟ್ಟಡಕ್ಕೆ ಬರೋಣ. ಟಿ. ಚೌಡಯ್ಯ ಹುಟ್ಟಿದ್ದು 1895ರಲ್ಲಿ, ತಿರುಮಕೂಡಲಿನಲ್ಲಿ. ಬಿಡಾರಂ ಕೃಷ್ಣಪ್ಪ ಅವರ ಶಿಷ್ಯ. ಅವರು ಪಕ್ಕವಾದ್ಯ ನುಡಿಸ್ತಿದ್ದ ಕಾಲಕ್ಕೆ ಮೈಕ್ ಇರಲಿಲ್ಲ. ಸಭೆ ದೊಡ್ಡದಾದಷ್ಟೂ ಹಿಂದಿನ ಸಾಲಿಗೆ ಪಿಟೀಲು ಕೇಳಿಸ್ತಿರಲಿಲ್ಲ. ಅದಕ್ಕೆ ಅವರು 1920ರ ದಶಕದಲ್ಲಿ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ, ಏಳು ತಂತಿಯ ಪಿಟೀಲು ಮಾಡ್ಕೊಂಡ್ರು. ನಾದ ತುಂಬಿಕೊಂಡು ದೂರದವರೆಗೆ ಹೋಯ್ತು.

ಇದನ್ನ ನಾವು ಸಂಗೀತದ ಪ್ರಯೋಗ ಅಂತ ಓದ್ತೀವಿ. ನನಗೆ ಇದು ಅರ್ಥಶಾಸ್ತ್ರದ ಪ್ರಯೋಗವೂ ಹೌದು ಅನ್ಸುತ್ತೆ. ಯಾಕಂದ್ರೆ ಹಿಂದಿನ ಸಾಲಿಗೆ ಕೇಳಿಸಿದ್ರೆ ಮಾತ್ರ ಅಲ್ಲಿ ಜನ ಕೂರ್ತಾರೆ. ಜನ ಜಾಸ್ತಿ ಕೂತ್ರೆ ತಲೆಗೆ ಬೀಳೋ ಖರ್ಚು ಕಡಿಮೆ.

1966ರಲ್ಲಿ ಅಮೆರಿಕದ ವಿಲಿಯಂ ಬೌಮೋಲ್, ವಿಲಿಯಂ ಬೋವೆನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಪ್ರದರ್ಶನ ಕಲೆಗಳ ಖರ್ಚಿನ ಬಗ್ಗೆ ಒಂದು ಪುಸ್ತಕ ಬರೆದ್ರು. ಅವರ ಮಾತಿನ ಸಾರ ಇಷ್ಟು. ಕಾರ್ಖಾನೆಯಲ್ಲಿ ಮೊದಲು ಹತ್ತು ಜನ ಮಾಡ್ತಿದ್ದ ಕೆಲಸ ಈಗ ಒಬ್ಬರು ಮಾಡ್ತಾರೆ, ಹಾಗಾಗಿ ಸಂಬಳ ಏರಿದ್ರೂ ವಸ್ತುವಿನ ಬೆಲೆ ಅಷ್ಟು ಏರಲ್ಲ. ಸಂಗೀತದಲ್ಲಿ ಹಾಗಾಗಲ್ಲ. 1905ರಲ್ಲಿ ಒಂದು ಕಛೇರಿಗೆ ಹಾಡೋರು, ಪಿಟೀಲು, ಮೃದಂಗ, ಎರಡು ಮೂರು ಗಂಟೆ ಬೇಕಿತ್ತು. ಇವತ್ತೂ ಅಷ್ಟೇ ಬೇಕು. ಮೃದಂಗದವರಿಲ್ಲದೆ ತನಿ ಆವರ್ತನ ಮಾಡೋಕಾಗಲ್ಲ, ರಾಗಾಲಾಪನೆಯನ್ನ ಡಬಲ್ ಸ್ಪೀಡಲ್ಲಿ ಮುಗಿಸೋಕಾಗಲ್ಲ. ಆದ್ರೆ ಆ ಮೂವರೂ ಇವತ್ತಿನ ಬೆಂಗಳೂರಿನ ಮನೆ ಬಾಡಿಗೆ, ಸ್ಕೂಲ್ ಫೀಸ್ ಕಟ್ಟಬೇಕು. ಹಾಗಾಗಿ ಯಾರೂ ದುರಾಸೆ ಪಡದಿದ್ರೂ ಲೈವ್ ಸಂಗೀತದ ಖರ್ಚು ಬೇರೆ ವಸ್ತುಗಳಿಗಿಂತ ಬೇಗ ಏರ್ತಾನೇ ಇರುತ್ತೆ.

ಇದರಿಂದ ತಪ್ಪಿಸ್ಕೊಳ್ಳೋಕೆ ಎರಡೇ ದಾರಿ. ಒಂದು, ಕೇಳುಗರ ಸಂಖ್ಯೆ ಹೆಚ್ಚಿಸೋದು. ಏಳು ತಂತಿ, ಮೈಕ್, ದೊಡ್ಡ ಹಾಲ್, ಆಮೇಲೆ ಮೈದಾನ, ಎಲ್ಲ ಆ ದಾರಿಯವೇ. ಎರಡು, ಹೊರಗಿನವರ ಕೈಯಿಂದ ದುಡ್ಡು ತರೋದು.

ಚೌಡಯ್ಯ ಅವರು 1967ರಲ್ಲಿ ತೀರ್ಕೊಂಡ್ರು. ಕೆ.ಕೆ. ಮೂರ್ತಿ ಅವರ ಮುಂದಾಳತ್ವದಲ್ಲಿ ಅಕಾಡೆಮಿ ಆಫ್ ಮ್ಯೂಸಿಕ್ ಅವರ ನೆನಪಿಗೆ ಈ ಭವನ ಕಟ್ಟಿಸಿತು, 1980ರಲ್ಲಿ ಉದ್ಘಾಟನೆ ಆಯ್ತು. ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಹಿಂದಿನ ಸಾಲಿಗೆ ಕೇಳಿಸಲಿ ಅಂತ ತಂತಿ ಸೇರಿಸಿದವರ ಹೆಸರಲ್ಲಿ ಇಷ್ಟು ದೊಡ್ಡ ಸಭಾಂಗಣ ಬಂದಿದ್ದು ಸರಿಯಾಗೇ ಇದೆ.

ಕ್ಯಾಸೆಟ್ ಹೋಯ್ತು, ಬಿಲ್ ಉಳೀತು

ಇನ್ನೊಬ್ಬರು ದುಡ್ಡು ಕೊಡ್ತಿದ್ದವರಿದ್ರು, ಅದು ರೆಕಾರ್ಡ್ ಕಂಪನಿ. ಕ್ಯಾಸೆಟ್, ಸಿಡಿ ಮಾರಾಟ ಚೆನ್ನಾಗಿದ್ದಾಗ ಕಾನ್ಸರ್ಟ್ ಅನ್ನೋದು ಕ್ಯಾಸೆಟ್ಟಿನ ಜಾಹೀರಾತು. ಟಿಕೆಟ್ ಅಗ್ಗ ಇಟ್ಟು ಜನರನ್ನ ಕರೆಸಿದ್ರೆ ಮಾರನೇ ದಿನ ಅಂಗಡಿಯಲ್ಲಿ ಕ್ಯಾಸೆಟ್ ಹೋಗುತ್ತೆ. ಇಂಟರ್ನೆಟ್ ಬಂದ ಮೇಲೆ ಇದು ಉಲ್ಟಾ ಆಯ್ತು. ಹಾಡು ಬಿಟ್ಟಿ ಆಯ್ತು, ಕಾನ್ಸರ್ಟ್ ದುಡಿಮೆ ಆಯ್ತು.

ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಇದನ್ನ ಅಮೆರಿಕದ ಅಂಕಿಅಂಶಗಳಲ್ಲಿ ತೋರಿಸಿದ್ರು. 1996ರಿಂದ 2003ರ ನಡುವೆ ಅಲ್ಲಿನ ಸಾಮಾನ್ಯ ಬೆಲೆಗಳು ಏರಿದ್ದು 17%. ಕಾನ್ಸರ್ಟ್ ಟಿಕೆಟ್ಟಿನ ಸರಾಸರಿ ಬೆಲೆ ಏರಿದ್ದು 82%. ಇನ್ನೊಂದು ಅಂಕಿ ಇದಕ್ಕಿಂತ ಮುಖ್ಯ. 1982ರಲ್ಲಿ ಕಾನ್ಸರ್ಟ್ ಆದಾಯದಲ್ಲಿ ಮೇಲಿನ 1% ಕಲಾವಿದರಿಗೆ ಹೋಗ್ತಿದ್ದು 26%. 2003ರ ಹೊತ್ತಿಗೆ ಅದು 56% ಆಗಿತ್ತು.

ನಮ್ಮ ಅರಮನೆ ಮೈದಾನಕ್ಕೆ ದೊಡ್ಡ ದೊಡ್ಡ ವಿದೇಶಿ ಬ್ಯಾಂಡ್‌ಗಳು ಬಂದಿದ್ದೂ ಆ ಕಾಲದಿಂದಲೇ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ನಡುವೆ 2005ರಲ್ಲಿ ಸಿ. ಅಶ್ವಥ್ ಅವರ 'ಕನ್ನಡವೇ ಸತ್ಯ' ಅದೇ ಮೈದಾನವನ್ನ ತುಂಬಿಸಿ, ಸುಗಮ ಸಂಗೀತಕ್ಕೂ ಇಷ್ಟು ಜನ ಬರ್ತಾರಾ ಅಂತ ಎಲ್ಲರನ್ನೂ ಬೆರಗಾಗಿಸಿತು. ಅಂದ್ರೆ ನಮ್ಮ ಊರಲ್ಲಿ ಕೇಳುಗರಿಗೆ ಬರ ಇರಲಿಲ್ಲ, ಈಗಲೂ ಇಲ್ಲ.

ಒಂದು ಪೇಪರ್ ಲೆಕ್ಕ

ಈಗ ನಾವೇ ಆಯೋಜಕರು ಅಂದ್ಕೊಳ್ಳಿ. ಈ ಅಂಕಿಗಳು ಬರೀ ಉದಾಹರಣೆಗೆ.

ಸಾವಿರ ಸೀಟಿನ ಹಾಲ್. ಬಾಡಿಗೆ, ಸೌಂಡ್, ಕಲಾವಿದರು, ಪ್ರಚಾರ ಎಲ್ಲ ಸೇರಿ ₹3 ಲಕ್ಷ. ಹಾಲ್ ತುಂಬಿದ್ರೆ ತಲೆಗೆ ₹300. ಅರ್ಧ ತುಂಬಿದ್ರೆ ₹600.

ಇಲ್ಲೊಂದು ತೆರಿಗೆ ಗೆರೆ ಇದೆ. ಸಂಗೀತ ಕಾರ್ಯಕ್ರಮದ ಪ್ರವೇಶಕ್ಕೆ ತಲೆಗೆ ₹500ರವರೆಗೆ ಜಿಎಸ್‌ಟಿ ಇಲ್ಲ. ದಾಟಿದ್ರೆ ಪೂರ್ತಿ ಮೊತ್ತಕ್ಕೆ 18%. ₹500ರ ಸೀಟು ₹500ಕ್ಕೇ ಸಿಗುತ್ತೆ, ₹501ರ ಸೀಟು ₹591 ಆಗುತ್ತೆ. ನಮ್ಮ ₹600ರ ಟಿಕೆಟ್ ₹708. ಅದರ ಮೇಲೆ ಆ್ಯಪ್‌ನವರ ಕನ್ವೀನಿಯನ್ಸ್ ಫೀ ಬೇರೆ.

ಈಗ ನೂರು ಜನ ಹಿಡಿಯೋ ಸಣ್ಣ ಜಾಗ. ನಾಲ್ಕು ಜನರ ಬ್ಯಾಂಡ್, ಸೌಂಡ್, ಬಾಡಿಗೆ ಸೇರಿ ₹60,000 ಅಂತಿಟ್ಕೊಳ್ಳಿ. ಜಾಗ ಪೂರ್ತಿ ತುಂಬಿದ್ರೂ ತಲೆಗೆ ₹600, ತೆರಿಗೆ ಸೇರಿಸಿದ್ರೆ ₹708. ಸಣ್ಣ ಜಾಗ ಅಂದ್ರೆ ಅಗ್ಗ ಅಂತ ನಾವು ಅಂದ್ಕೋತೀವಿ. ತಲೆಗೆ ಹಂಚಿದ್ರೆ ಹಾಗಿಲ್ಲ. ಸಾವಿರ ಸೀಟಿನ ಹಾಲ್ ಅರ್ಧ ಖಾಲಿ ಇದ್ದಾಗ ಬೀಳೋ ಖರ್ಚೇ ಇಲ್ಲಿ ಜಾಗ ತುಂಬಿದಾಗಲೂ ಬೀಳುತ್ತೆ.

ಇನ್ನು ಮೈದಾನ. ₹10 ಕೋಟಿ ಖರ್ಚು, 40,000 ಜನ, ತಲೆಗೆ ₹2,500. ಜನ ಇದನ್ನ ವರ್ಷಕ್ಕೊಂದು ಸಲ ಸಾಲ ಮಾಡಿಯಾದ್ರೂ ಕೊಡ್ತಾರೆ, ಯಾಕಂದ್ರೆ ಹೆಸರು ಗೊತ್ತು. ಅದೇ ಜನ ಹೆಸರು ಗೊತ್ತಿಲ್ಲದ ಕನ್ನಡ ಬ್ಯಾಂಡಿಗೆ ₹700 ಕೊಡೋಕೆ ಹತ್ತು ಸಲ ಯೋಚನೆ ಮಾಡ್ತಾರೆ. ಮೈದಾನಕ್ಕೆ ಕೊಟ್ಟ ದಿನವೇ ತಿಂಗಳ ಖರ್ಚಿನ ದುಡ್ಡು ಮುಗಿದಿರುತ್ತೆ.

ನಿಜವಾದ ಪೆಟ್ಟು ಎಲ್ಲಿ?

ಕೋಲ್ಡ್‌ಪ್ಲೇ ಟಿಕೆಟ್ ಸಿಗದಿದ್ರೆ ಬೇಜಾರಾಗುತ್ತೆ, ಜೀವನ ನಿಲ್ಲಲ್ಲ. ನನಗೆ ಭಯ ಇರೋದು ಕೆಳಗಿನ ಮೆಟ್ಟಿಲಿನ ಬಗ್ಗೆ.

ಬೆಂಗಳೂರಲ್ಲಿ ಹೋಟೆಲ್, ಪಬ್‌ಗಳಲ್ಲಿ ಲೈವ್ ಸಂಗೀತ ನಡೆಸೋಕೆ ಪೊಲೀಸ್ ಲೈಸೆನ್ಸ್ ಬೇಕು ಅನ್ನೋ 2005ರ ಆದೇಶವನ್ನ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡೀತು. ಆ ವರ್ಷ ಎಷ್ಟೋ ಜಾಗಗಳಲ್ಲಿ ಹಾಡು ನಿಂತೇ ಹೋಯ್ತು. ಇಂದಿರಾನಗರದ ಹಮ್ಮಿಂಗ್ ಟ್ರೀ ಎಷ್ಟೋ ಹೊಸ ಬ್ಯಾಂಡ್‌ಗಳಿಗೆ ವೇದಿಕೆ ಕೊಟ್ಟಿತ್ತು, 2019ರಲ್ಲಿ ಮುಚ್ಚಿತು. ಶಬ್ದದಿಂದ ಅಕ್ಕಪಕ್ಕದ ಮನೆಯವರಿಗೆ ತೊಂದರೆ ಆಗಿದ್ದು ಸುಳ್ಳಲ್ಲ, ರಾತ್ರಿ ಹನ್ನೊಂದಕ್ಕೆ ಮಗು ಮಲಗಿಸೋರ ಕಷ್ಟ ಅವರಿಗೇ ಗೊತ್ತು. ಆದ್ರೆ ಒಂದು ಮೆಟ್ಟಿಲು ತೆಗೆದ ಮೇಲೆ ಅದರ ಬದಲು ಇನ್ನೊಂದು ಕಟ್ಟಬೇಕಿತ್ತು.

ರಸ್ತೆಯ ಕಥೆಯೂ ಬದಲಾಗಿದೆ. 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಬೆಂಗಳೂರಲ್ಲಿ ಎರಡು ದಿನ ಟಿಕೆಟ್ ಶೋ ಮಾಡಿದ್ರು. ಆ ಮಧ್ಯೆ ಒಂದು ಬೆಳಿಗ್ಗೆ ಚರ್ಚ್ ಸ್ಟ್ರೀಟ್ ಫುಟ್‌ಪಾತಲ್ಲಿ ನಿಂತು ಬಿಟ್ಟಿಯಾಗಿ ಹಾಡೋಕೆ ಶುರು ಮಾಡಿದ್ರು. ಪೊಲೀಸರು ಬಂದು ಮೈಕ್ ವೈರ್ ಕಿತ್ರು. ಅನುಮತಿ ಇರಲಿಲ್ಲ ಅಂತ ಪೊಲೀಸರು, ಇತ್ತು ಅಂತ ಅವರು. ನಾವು ಅದನ್ನ ಮೀಮ್ ಮಾಡಿ ನಕ್ಕು ಮರೆತ್ವಿ. ಅವರಿಗೆ ಮಾರನೇ ದಿನಕ್ಕೆ ಬೇರೆ ಮೈದಾನ ಇದೆ. ಗಿಟಾರ್ ಹಿಡ್ಕೊಂಡು ಈಗಷ್ಟೇ ಶುರು ಮಾಡಿರೋ ನಮ್ಮ ಹುಡುಗ ಹುಡುಗಿಯರಿಗೆ ಆ ಫುಟ್‌ಪಾತೂ ಇಲ್ಲ.

ಚಾಮರಾಜಪೇಟೆಯ ಚಪ್ಪರದ ಹೊರಗೆ ಕೂತವನಿಗೆ ಎಂ.ಎಸ್. ಕೇಳೋಕೆ ದುಡ್ಡು ಬೇಕಿರಲಿಲ್ಲ. ಇವತ್ತು ಹದಿನೆಂಟು ವರ್ಷದವರಿಗೆ ಮೊದಲ ಲೈವ್ ಅನುಭವವೇ ನಾಲ್ಕಂಕಿಯ ಟಿಕೆಟ್. ಅದು ಸಿಗದವರು ರೀಲ್ಸ್‌ನಲ್ಲಿ ಮೂವತ್ತು ಸೆಕೆಂಡ್ ನೋಡಿ ಬಿಡ್ತಾರೆ. ಅವರಿಗೆ ಸಭೆಯಲ್ಲಿ ಕೂತು ಎರಡು ಗಂಟೆ ಕೇಳೋ ಅಭ್ಯಾಸವೇ ಹತ್ತದಿದ್ರೆ, ಇನ್ನು ಇಪ್ಪತ್ತು ವರ್ಷಕ್ಕೆ ಚೌಡಯ್ಯ ಹಾಲ್‌ನ ಹಿಂದಿನ ಸಾಲಲ್ಲಿ ಯಾರು ಕೂರ್ತಾರೆ?

ಹಾಗಾದ್ರೆ ಏನು ಮಾಡೋದು?

ತಕ್ಷಣ ಹೊಳೆಯೋ ಉತ್ತರ, ರೇಟಿಗೆ ಮಿತಿ ಹಾಕಿ ಅನ್ನೋದು. ಸಿನಿಮಾಗೆ ನಮ್ಮ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ₹200 ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಕಾನ್ಸರ್ಟಿಗೆ ಮಿತಿ ಹಾಕಿದ್ರೆ ಮೊದಲು ಬೀಳೋದು ಸಣ್ಣ ಆಯೋಜಕ. ಖರ್ಚು ಹಾಗೇ ಇರುತ್ತೆ, ಅದನ್ನ ತುಂಬೋ ದಾರಿ ಮಾತ್ರ ಮುಚ್ಚುತ್ತೆ. ದೊಡ್ಡ ಶೋಗಳು ದುಬೈಗೋ ಸಿಂಗಾಪುರಕ್ಕೋ ಹೋಗ್ತವೆ.

ನನ್ನ ಪ್ರಕಾರ ಮಿತಿ ಬೇಕಿರೋದು ಮರುಮಾರಾಟಕ್ಕೆ. ಶೋಗೆ ಹೋಗೋಕಾಗದವರು ಕೊಟ್ಟ ರೇಟಿಗೇ ಇನ್ನೊಬ್ಬರಿಗೆ ದಾಟಿಸಲಿ. ಅದಕ್ಕಿಂತ ಜಾಸ್ತಿ ಬಂದ ದುಡ್ಡಲ್ಲಿ ಕಲಾವಿದರಿಗೆ ಒಂದು ರೂಪಾಯಿಯೂ ಸಿಗಲ್ಲ.

ಎರಡನೇದು, ಆ ₹500ರ ತೆರಿಗೆ ಗೆರೆ. 2018ರಿಂದ ಅದು ಅಲ್ಲೇ ನಿಂತಿದೆ. ಬಾಡಿಗೆ, ಕರೆಂಟು, ಪೆಟ್ರೋಲ್ ಯಾವುದೂ ಅಲ್ಲೇ ನಿಂತಿಲ್ಲ. ಗೆರೆಯನ್ನ ಸಾವಿರಕ್ಕೆ ಏರಿಸಿದ್ರೆ ಸಣ್ಣ ವೇದಿಕೆಗಳು ಸ್ವಲ್ಪ ಉಸಿರಾಡ್ತವೆ.

ಮೂರನೇದು, ಬ್ರಿಟನ್ನಿನಲ್ಲಿ ಒಂದು ಪ್ರಯೋಗ ನಡೀತಿದೆ. ಸ್ಟೇಡಿಯಂ, ದೊಡ್ಡ ಅರೀನಾಗಳ ಪ್ರತಿ ಟಿಕೆಟ್ಟಿಂದ ಒಂದು ಪೌಂಡ್ ಸಣ್ಣ ವೇದಿಕೆಗಳಿಗೆ ಕೊಡೋದು. ಅದೇ ಕೋಲ್ಡ್‌ಪ್ಲೇ 2025ರ ತಮ್ಮ ಬ್ರಿಟನ್ ಶೋಗಳಲ್ಲಿ ತಮಗೆ ಬಂದಿದ್ದರಲ್ಲಿ 10% ಹೀಗೆ ಕೊಟ್ರು. ನಮಗೆ ಇದು ಹೊಸದೇನಲ್ಲ. ಮುಂದಿನ ಸಾಲಿನ ದಾನಿ ಚಪ್ಪರದ ಹೊರಗೆ ಕೂತವನ ಖರ್ಚು ಹೊರೋ ರಾಮನವಮಿ ಲೆಕ್ಕವೇ ಇದು. ₹5,000 ಕೊಡೋರು ಇನ್ನು ಐವತ್ತು ಕೊಡಲ್ಲ ಅಂತಾರಾ? ಆ ಐವತ್ತು ಮಲ್ಲೇಶ್ವರದ್ದೋ ಬಸವನಗುಡಿಯದ್ದೋ ಒಂದು ನೂರು ಸೀಟಿನ ಜಾಗಕ್ಕೆ ಹೋದ್ರೆ, ಅಲ್ಲಿ ವಿದ್ಯಾರ್ಥಿಗಳಿಗೆ ₹100ಕ್ಕೆ ಟಿಕೆಟ್ ಕೊಡಬಹುದು.

ಸರ್ಕಾರ, ಕಂಪನಿಗಳು ಮಾಡೋವರೆಗೆ ಕಾಯಬೇಕಿಲ್ಲ. ನಿಮ್ಮ ಏರಿಯಾದಲ್ಲಿ ಒಂದು ಸಂಗೀತ ಸಭಾ ಇದ್ದೇ ಇರುತ್ತೆ. ಮಲ್ಲೇಶ್ವರದವರಿಗೆ ಅನನ್ಯ, ವಿ.ವಿ. ಪುರಂ ಕಡೆಯವರಿಗೆ ಗಾಯನ ಸಮಾಜ. ವರ್ಷದ ಮೆಂಬರ್‌ಶಿಪ್ ಎಷ್ಟು ಅಂತ ಒಂದು ಸಲ ಕೇಳಿ ನೋಡಿ. ಬಿಟ್ಟಿ ಕಛೇರಿಗೆ ಹೋದಾಗ ಬಾಗಿಲ ಹತ್ತಿರ ಇಟ್ಟಿರೋ ಹುಂಡಿಗೆ ನೂರು ರೂಪಾಯಿ ಹಾಕಿ. ಬರುವಾಗ ಯಾವತ್ತೂ ಕಛೇರಿ ಕೇಳದ ಒಬ್ಬ ಫ್ರೆಂಡನ್ನ ಜೊತೆಗೆ ಕರ್ಕೊಂಡು ಬನ್ನಿ.

ನಿಮ್ಮ ಏರಿಯಾದಲ್ಲಿ ಸಣ್ಣ ವೇದಿಕೆ ಯಾವುದಿದೆ, ಟಿಕೆಟ್ ಎಷ್ಟು, ವಾಯ್ಸ್ ನೋಟ್ ಕಳ್ಸಿ. ಎಲ್ಲ ಸೇರಿಸಿ ಒಂದು ಪಟ್ಟಿ ಮಾಡಿ ಮುಂದಿನ ಎಪಿಸೋಡಲ್ಲಿ ಓದ್ತೀನಿ.